ಟ್ರೇಲರಿನ ಮೂಲೆಯ ಹಳದಿ ದೀಪ

ನಿವೃತ್ತಿಯಾದ ಮೇಲೆ ನನಗೆ ಮಧ್ಯಾಹ್ನದ ನಿದ್ದೆ ಅಂಟಿಕೊಂಡಿದೆ. ಊಟ ಮುಗಿಸಿ ಚಾಪೆಯ ಮೇಲೆ ಒರಗಿದರೆ ಪಕ್ಕದ ಬೀದಿಯ ವಿದ್ಯುತ್ ಮಗ್ಗಗಳ ಸದ್ದು ಕಿಟಕಿಯಿಂದ ಒಳಗೆ ಬರುತ್ತದೆ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರಿಗೆ ಆ ಸದ್ದೇ ಜೋಗುಳ. ಕರೆಂಟು ಹೋಗಿ ಮಗ್ಗ ನಿಂತರೆ ತೊಟ್ಟಿಲ ಮಕ್ಕಳು ಎಚ್ಚರಗೊಂಡು ಅಳುತ್ತವೆ. ನನಗೆ ಕಣ್ಣು ಎಳೆಯುತ್ತಾ ಬಂದ ಹಾಗೆ ಆ ಸದ್ದಿನೊಳಗಿಂದ ಇನ್ನೊಂದು ಸದ್ದು ಮೆಲ್ಲಗೆ ಏಳುತ್ತದೆ. ಟಕಟಕಟಕ. ಅದು ಮಗ್ಗದ್ದಲ್ಲ. ಟ್ರೇಲರಿನ ಹೊಟ್ಟೆಯ ಕೆಳಗೆ ಕೂತ, ಊಟದ ಡಬ್ಬಿಯಷ್ಟು ದೊಡ್ಡ ವಾಲ್ವಿನದು. ಆಗ ನಾನು ಅರೆನಿದ್ದೆಯಲ್ಲೇ ಕಾಲು ನೀಡಿ, ಇಲ್ಲದ ಪೆಡಲನ್ನು ಒತ್ತುತ್ತೇನಂತೆ.

"ಚಾಪೇಗೆ ಬ್ರೇಕ್ ಹಾಕ್ತಿದ್ದೆ ಕಣೆ, ಎಲ್ಲಿಗೆ ಹೊರಟಿದ್ದೆ?" ಎಂದು ನಮ್ಮ ಯಜಮಾನರು ರೇಗಿಸುತ್ತಾರೆ.

ಎಲ್ಲಿಗೆ ಎಂದು ಕೇಳಿದರೆ ನಾನು ಹೇಳುವುದಿಲ್ಲ. ಆದರೆ ಹೋದ ವಾರ, ಟ್ರೇಲರು ಮಾಡುವ ನಮ್ಮ ಹಳೆಯ ಕಾರ್ಖಾನೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆ ಹುಡುಕಿಕೊಂಡು ಬಂದರು. ಐಟಿಐ ಮುಗಿಸಿದವರು. "ಪುಷ್ಪಕ್ಕಾ, ನಮ್ಮನ್ನ ಬ್ರೇಕ್ ಸೆಕ್ಷನ್‌ಗೆ ಹಾಕವ್ರೆ. ಹೆಂಗಿರತ್ತೆ ಕೆಲ್ಸ?" ಎಂದು ಕೇಳಿದರು. ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಬರೆದುಕೊಡುತ್ತೇನೆ ಹೋಗಿ ಎಂದೆ.

ಮೊದಲು, ತರಬೇತಿಯಲ್ಲಿ ಯಾರೂ ಹೇಳದ ವಿಷಯ. ಬ್ರೇಕ್ ಆಯಿಲ್ ಎನ್ನುತ್ತೇವಾದರೂ ಅದರ ಗುಣ ಎಣ್ಣೆಯದಲ್ಲ. ನೋಡಲು ಸಾಧು, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಎಬ್ಬಿಸುತ್ತದೆ. ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದರೆ ಸಂಜೆಗೆ ಇರುವುದಿಲ್ಲ. ಅದು ಗಾಳಿಯಲ್ಲಿನ ತೇವವನ್ನೂ ಹೀರುತ್ತದೆ, ಹಾಗಾಗಿ ಡಬ್ಬಿಯ ಮುಚ್ಚಳ ತೆರೆದಿಟ್ಟು ಹರಟೆಗೆ ನಿಲ್ಲಬೇಡಿ. ಇನ್ನು ಕೊಳವೆಯಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಬ್ರೇಕು ಮೆತ್ತಗಾಗುತ್ತದೆ. ಆ ಗಾಳಿ ಬಿಡಿಸುವುದೇ ನನ್ನ ಮೊದಲ ಕೆಲಸವಾಗಿತ್ತು.

ಅದಕ್ಕೆ ಇಬ್ಬರು ಬೇಕು. ಒಬ್ಬರು ಮುಂದೆ ನಿಂತು ಪಂಪಿನ ಹಿಡಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಡುವ ಪುಟ್ಟ ತಿರುಪು, ಅಂದರೆ ನಿಪ್ಪಲ್, ಸಡಿಲಿಸಬೇಕು. ಹಿಡಿ ಒತ್ತುತ್ತಿದ್ದವರು ಬಾಷಾ ಭಾಯ್. ನಮ್ಮ ಸೆಕ್ಷನ್ನಿನ ಹಿರಿಯ ಫಿಟ್ಟರು, ಪರೀಕ್ಷೆಗೆ ಗಾಡಿ ಓಡಿಸುವವರೂ ಅವರೇ.

"ಪುಷ್ಪಮ್ಮಾ, ಗುಳ್ಳೆ ಬಂತಾ?"

"ಬಂತು ಭಾಯ್."

"ನಗ್ತಾ ಬಂತಾ, ಅಳ್ತಾ ಬಂತಾ?"

ಗುಳುಗುಳು ಎಂದು ಸಾಲಾಗಿ ಬಂದರೆ ನಗು, ಇನ್ನೂ ಗಾಳಿ ಇದೆ ಎಂದರ್ಥ. ಒಂದೊಂದೇ ಹನಿಯಾಗಿ ಇಳಿದರೆ ಅಳು, ಇನ್ನು ಮುಗಿಯಿತು. ವರ್ಷಾನುಗಟ್ಟಲೆ ನಾವಿಬ್ಬರೂ ದಿನವಿಡೀ ಹೀಗೆ ನಗು ಅಳು ಎಂದು ಕೂಗಿಕೊಳ್ಳುತ್ತಿದ್ದೆವು. ಹೊರಗಿನಿಂದ ಬಂದವರು ನಮಗೆ ತಲೆ ಕೆಟ್ಟಿದೆ ಎಂದುಕೊಂಡರೆ ಅವರ ತಪ್ಪಲ್ಲ.

ನಾನು ನೇಕಾರರ ಮನೆಯವಳು. ನಮ್ಮಪ್ಪನ ಮಗ್ಗದ ಹಿಂದೆ ಹಾಸಿನ ನೂಲು ಸುತ್ತಿದ ದಪ್ಪ ಬೀಮು ಇತ್ತು. ಅದರ ಎರಡೂ ತುದಿಗೆ ಹಗ್ಗ ಸುತ್ತಿ, ಹಗ್ಗದ ಕೊನೆಗೆ ತೂಕ ಕಟ್ಟಿರುತ್ತಿದ್ದರು. ತೂಕ ಹೆಚ್ಚಾದರೆ ಬೀಮು ಕಚ್ಚಿಕೊಂಡು ನೂಲು ಪಟಪಟ ಕಿತ್ತುಹೋಗುತ್ತದೆ. ಕಡಿಮೆಯಾದರೆ ನೂಲು ಜೋಲುಬಿದ್ದು ಬಟ್ಟೆ ಸಡಿಲವಾಗುತ್ತದೆ. ಹಗ್ಗ ಹಿಡಿಯಬೇಕು, ಒಂದು ಚೂರು ಜಾರಬೇಕು, ಮತ್ತೆ ಹಿಡಿಯಬೇಕು. ಶಾಲೆಯಿಂದ ಬಂದವಳು ಆ ಹಗ್ಗ ಹಿಡಿದು ಜಾರುವುದನ್ನೇ ನೋಡುತ್ತಾ ಕೂತುಬಿಡುತ್ತಿದ್ದೆ. ಅಮ್ಮ ಎರಡು ಸಲ ಕೂಗಿದರೂ ಕೇಳುತ್ತಿರಲಿಲ್ಲ. ಮುಂದೆ ನಾನು ಇಡೀ ಆಯುಷ್ಯ ಮಾಡಲಿರುವ ಕೆಲಸ ಕಣ್ಣ ಮುಂದೆಯೇ ನಡೆಯುತ್ತಿದೆ ಎಂದು ನನಗೇನು ಗೊತ್ತು.

ಉರುಳುವ ಚಕ್ರಕ್ಕೆ ನೆಲದ ಮೇಲೆ ಹಿಡಿತ ಇರುತ್ತದೆ. ಬ್ರೇಕು ಬಿಗಿಯಾಗಿ ಕಚ್ಚಿ ನಿಂತುಬಿಟ್ಟ ಚಕ್ರ ಬರೀ ಜಾರುವ ರಬ್ಬರು, ಅದಕ್ಕೆ ದಿಕ್ಕಿಲ್ಲ. ಟ್ರೇಲರಿನ ಚಕ್ರ ಹಾಗೆ ಕಚ್ಚಿಕೊಂಡರೆ ಹಿಂದೆ ಬರಬೇಕಾದ ಟ್ರೇಲರು ಪಕ್ಕಕ್ಕೆ ಬಂದು, ಎಳೆಯುವ ಗಾಡಿಯನ್ನೇ ತಳ್ಳುತ್ತದೆ. ನಮ್ಮ ಕಾಲದ ಹಳೆಯ ಟ್ರೇಲರುಗಳಲ್ಲಿ ಇದಕ್ಕೆ ಇದ್ದ ಮದ್ದು ಒಂದೇ, ಚಾಲಕನ ಕಾಲು ಮತ್ತು ಅವನ ದೇವರು.

ಆಗಿನ ಪರೀಕ್ಷೆಗಳು ಈಗಿನವರಿಗೆ ಆಟದಂತೆ ಕಾಣಬಹುದು. ಕಾರ್ಖಾನೆಯ ಹಿಂದಿನ ರಸ್ತೆಗೆ ಟ್ಯಾಂಕರಿನಿಂದ ನೀರು ಹೊಡೆಸುತ್ತಿದ್ದೆವು. ಟೈರಿನ ಪಕ್ಕೆಗೆ ಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದೆವು. ಬಾಷಾ ಭಾಯ್ ಬ್ರೇಕು ಹಾಕಿದಾಗ ಗೆರೆ ತಿರುಗುತ್ತಿದೆಯೋ ನಿಂತಿತೋ ಎಂದು ಬೇಲಿಯ ಪಕ್ಕ ನಿಂತವರು ಕೂಗಿ ಹೇಳಬೇಕು. ನಮ್ಮ ಮೇಲಧಿಕಾರಿ ನಂಜುಂಡಯ್ಯ ಸಾರ್ ಇದಕ್ಕೆ ಇನ್ನೊಂದು ಸೇರಿಸಿದರು. ಟ್ರೇಲರಿನ ನಡುವೆ ಹಿತ್ತಾಳೆ ಬಿಂದಿಗೆಯಲ್ಲಿ ತುಂಬ ನೀರಿಟ್ಟು, ಗಾಡಿ ನಿಂತ ಮೇಲೆ ಎಷ್ಟು ತುಳುಕಿದೆ ಎಂದು ನೋಡುವುದು. ಬಿಂದಿಗೆ ಅವರ ಮನೆಯದೇ. ಸಂಜೆ ಅದನ್ನು ವಾಪಸು ಒಯ್ಯದಿದ್ದರೆ ಅವರಿಗೆ ಮನೆಯಲ್ಲಿ ಬೇರೆಯ ಪರೀಕ್ಷೆ ಇರುತ್ತಿತ್ತು.

ನಂಜುಂಡಯ್ಯ ಸಾರ್ ಒಳ್ಳೆಯವರು, ಆದರೆ ನಾನು ಕೆಲಸದ ನಡುವೆ ಎಲ್ಲೋ ನೋಡುತ್ತಾ ನಿಂತರೆ ಸಹಿಸುತ್ತಿರಲಿಲ್ಲ. "ಏನಮ್ಮಾ ಪುಷ್ಪಾ, ಯಾವ ಲೋಕದಲ್ಲಿದ್ದೀಯ? ನಮ್ಮನ್ನೂ ಕರ್ಕೊಂಡು ಹೋಗು" ಎನ್ನುತ್ತಿದ್ದರು. ನಾನೇನು ಹೇಳಲಿ? ಒದ್ದೆ ರಸ್ತೆಯ ಮೇಲೆ ಮೋಡ ಕಾಣುತ್ತಿತ್ತು, ಅದರ ಮೇಲೆ ಟೈರಿನ ಎರಡು ಕಪ್ಪು ಗೆರೆ ಬಿದ್ದಿರುತ್ತಿತ್ತು. ನನಗೆ ಅದು ಸುಂದರವಾಗಿ ಕಾಣುತ್ತಿತ್ತು. ಈಗಲೂ ಕಾಣುತ್ತದೆ.

ಇದಕ್ಕೆ ನಿಜವಾದ ಮದ್ದು, ಎಬಿಎಸ್ ಎನ್ನುವ ಬ್ರೇಕು, ನಮ್ಮಲ್ಲಿಗೆ ಬಂದದ್ದು ಕುದುರೆಗಳ ನೆಪದಲ್ಲಿ. ನಾವು ಕುದುರೆ ಸಾಗಿಸುವ ಟ್ರೇಲರುಗಳನ್ನೂ ಮಾಡುತ್ತಿದ್ದೆವು, ಕುದುರೆ ಸಾಕುವವರು ಬಂದು, ಚಕ್ರ ಕಚ್ಚಿಕೊಳ್ಳದ ಬ್ರೇಕೇ ಬೇಕು ಎಂದು ಹಟ ಹಿಡಿದರು. ಲಾರಿಗಳ ಗಾಳಿ ಬ್ರೇಕಿನಲ್ಲಿ ಅದು ಮೊದಲೇ ಇತ್ತು. ಅಲ್ಲಿ ಹೆಚ್ಚಾದ ಗಾಳಿಯನ್ನು ಉಸ್ ಎಂದು ಹೊರಗೆ ಬಿಟ್ಟರಾಯಿತು. ನಮ್ಮದು ಎಣ್ಣೆ ಬ್ರೇಕು. ಎಣ್ಣೆಯನ್ನು ರಸ್ತೆಗೆ ಚೆಲ್ಲುವಂತಿಲ್ಲ, ತೊಟ್ಟಿಗೇ ಹಿಂದಿರುಗಿಸಿ ಮತ್ತೆ ತಳ್ಳಬೇಕು.

ಅದರ ಬಗೆ ಇಷ್ಟೇ. ಪ್ರತಿ ಚಕ್ರದ ನಡುವಿನ ಹಬ್ಬಿನಲ್ಲಿ ಒಂದು ಹಲ್ಲಿನ ಉಂಗುರ ಇರುತ್ತದೆ. ಅದಕ್ಕೆ ತಾಕೀತೋ ಇಲ್ಲವೋ ಎನ್ನುವಷ್ಟು ಹತ್ತಿರದಲ್ಲಿ ಬೆರಳುದ್ದದ ಸೆನ್ಸರ್. ಚಕ್ರ ತಿರುಗಿದಂತೆ ಒಂದೊಂದು ಹಲ್ಲು ದಾಟಿದ್ದನ್ನೂ ಅದು ವೈರಿನ ಮೂಲಕ, ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೇಳುತ್ತಿರುತ್ತದೆ. ಒಂದು ಚಕ್ರ ಉಳಿದವಕ್ಕಿಂತ ತಟ್ಟನೆ ನಿಧಾನವಾದರೆ, ಇದು ಇನ್ನೇನು ಕಚ್ಚಿಕೊಳ್ಳುತ್ತದೆ ಎಂದು ಪೆಟ್ಟಿಗೆಗೆ ಗೊತ್ತಾಗುತ್ತದೆ. ಆಗ ವಾಲ್ವಿನಲ್ಲಿ ಒಂದು ಬಾಗಿಲು ಮುಚ್ಚಿ ಹೊಸ ಎಣ್ಣೆ ತಡೆಯುತ್ತದೆ, ಇನ್ನೊಂದು ಬಾಗಿಲು ತೆರೆದು ಆ ಚಕ್ರದ ಎಣ್ಣೆಯನ್ನು ಚೂರು ಹಿಂದಕ್ಕೆ ಬಿಡುತ್ತದೆ. ಚಕ್ರ ಮತ್ತೆ ಉರುಳುತ್ತದೆ. ಮತ್ತೆ ಒತ್ತಡ. ಹಿಡಿ, ಬಿಡು, ಹಿಡಿ. ಕಣ್ಣು ಮಿಟುಕಿಸುವುದರೊಳಗೆ ಇದೆಲ್ಲ ಆಗಿರುತ್ತದೆ. ಮೊದಲ ಸಲ ಆ ಟಕಟಕ ಕೇಳಿದಾಗ ನಾನು ನೀರಿನ ರಸ್ತೆಯ ಪಕ್ಕ ನಿಂತಿದ್ದೆ. ಸುಣ್ಣದ ಗೆರೆ ನಿಲ್ಲಲೇ ಇಲ್ಲ, ತಿರುಗುತ್ತಾ ತಿರುಗುತ್ತಾ ಬಂದು ಗಾಡಿಯ ಜೊತೆಗೇ ನಿಂತಿತು. ಬಿಂದಿಗೆ ತುಳುಕಿರಲಿಲ್ಲ. ತೀರಿಹೋದ ಅಪ್ಪ ಆ ಟ್ರೇಲರಿನ ಕೆಳಗೆ ಕೂತು ಹಗ್ಗ ಸಡಿಲಿಸುತ್ತಿದ್ದಾರೆ ಎಂದು ಒಂದು ಕ್ಷಣ ಅನ್ನಿಸಿ ಕಣ್ಣು ತುಂಬಿತು. ಧೂಳು ಬಿತ್ತು ಎಂದು ಹೇಳಿದೆ.

ಒಂದು ಮಾತು ನೆನಪಿಡಿ. ಇದರಿಂದ ಗಾಡಿ ಯಾವಾಗಲೂ ಬೇಗ ನಿಲ್ಲುತ್ತದೆ ಎಂದು ಯಾರಿಗೂ ಹೇಳಬೇಡಿ. ಸಡಿಲ ಮಣ್ಣಿನಲ್ಲಿ ಇನ್ನಷ್ಟು ದೂರವೇ ಹೋಗಬಹುದು. ಇದು ಕೊಡುವುದು ನೇರ ನಿಲ್ಲುವ ಗುಣವನ್ನು.

ಹೊಸತರಲ್ಲಿ ಎಡವಟ್ಟುಗಳೂ ಆದವು. ಎಡ ಚಕ್ರದ ವೈರು ಬಲಕ್ಕೆ ಹೋದರೆ, ಕಚ್ಚಿಕೊಳ್ಳುವ ಚಕ್ರವನ್ನು ಬಿಟ್ಟು ಪೆಟ್ಟಿಗೆ ಪಾಪದ ಇನ್ನೊಂದನ್ನು ಸಡಿಲಿಸುತ್ತದೆ. ಗಾಡಿಯ ಮುಂದೆ ನಿಂತು ನೋಡುವವನ ಎಡವೇ ಬೇರೆ, ಹಿಂದೆ ನಿಂತವನ ಎಡವೇ ಬೇರೆ. ನಮ್ಮ ಶೆಡ್ಡಿನ ಒಂದು ಕಡೆ ಕೆರೆ, ಇನ್ನೊಂದು ಕಡೆ ಗುಡಿ ಇತ್ತು, ಅದನ್ನೇ ಹಿಡಿದು ನಂಜುಂಡಯ್ಯ ಸಾರ್ ಈ ಗೊಂದಲಕ್ಕೆ ಒಂದು ಉಪಾಯ ಮಾಡಿದರು. "ಎಡ ಬಲ ಬೇಡ. ಕೆರೆ ಕಡೆ ಚಕ್ರ, ಗುಡಿ ಕಡೆ ಚಕ್ರ ಅನ್ನಿ." ಎಲ್ಲರಿಗೂ ಹಿಡಿಸಿತು, ಚೆನ್ನಾಗಿಯೇ ನಡೆಯಿತು. ಒಂದು ದಿನ ಮಳೆಯೆಂದು ಟ್ರೇಲರನ್ನು ಹಿಂದುಮುಂದಾಗಿ ಶೆಡ್ಡಿಗೆ ತಂದು ನಿಲ್ಲಿಸಿದ್ದರು. ನಾವು ಕೆರೆ ಗುಡಿ ನೋಡಿಕೊಂಡೇ ವೈರು ಜೋಡಿಸಿದೆವು. ಪರೀಕ್ಷೆಯಲ್ಲಿ ಅದು ಕೋಲಾಟಕ್ಕೆ ನಿಂತ ಹಾಗೆ ಸೊಂಟ ತಿರುಗಿಸಿ ಬೇಲಿಗೆ ಒರಗಿತು, ಬಿಂದಿಗೆ ಹಾರಿ ಚರಂಡಿಗೆ ಬಿತ್ತು. ನಂಜುಂಡಯ್ಯ ಸಾರ್ ನೆಗ್ಗಿದ ಬಿಂದಿಗೆ ಹಿಡಿದು ಬಹಳ ಹೊತ್ತು ನಿಂತಿದ್ದರು. ಮಾರನೆಯ ದಿನದಿಂದ ವೈರುಗಳಿಗೆ ಬಣ್ಣದ ಪಟ್ಟಿ ಬಂತು.

ಇನ್ನು ದೀಪದ ವಿಷಯ. ಈ ಕೆಲಸದಲ್ಲಿ ನಾನು ಮರೆಯದೆ ಉಳಿಸಿಕೊಂಡಿರುವುದು ಅದನ್ನೇ.

ಟ್ರೇಲರಿನ ಹಿಂದಿನ ಬಲ ಮೂಲೆಯಲ್ಲಿ ಒಂದು ಪುಟ್ಟ ಹಳದಿ ದೀಪ ಹೊರಕ್ಕೆ ಚಾಚಿಕೊಂಡಿರುತ್ತದೆ, ಚಾಲಕನ ಕನ್ನಡಿಗೆ ಕಾಣುವ ಹಾಗೆ. ಕೀ ತಿರುಗಿಸಿದಾಗ ಹತ್ತುತ್ತದೆ. ಗಾಡಿ ಹೊರಟು, ಎಲ್ಲ ಚಕ್ರಗಳ ಸೆನ್ಸರುಗಳೂ ಸರಿಯಾಗಿ ಹೇಳುತ್ತಿವೆ ಎಂದು ಪೆಟ್ಟಿಗೆಗೆ ಖಾತ್ರಿಯಾದ ಮೇಲೆ ಆರುತ್ತದೆ. ಆರಬೇಕು. ಒಂದು ಸೆನ್ಸರ್ ಸುಮ್ಮನಾದರೂ ಪೆಟ್ಟಿಗೆ ಎಬಿಎಸ್ ನಿಲ್ಲಿಸಿ ದೀಪ ಹತ್ತಿಸುತ್ತದೆ. ಆಗಲೂ ಬ್ರೇಕು ಇರುತ್ತದೆ, ಆದರೆ ಹಳೆಯ ಕಾಲದ ಬ್ರೇಕು.

ಕುಂದಾಣದ ಕಡೆಯ ಆಂಜಿನಪ್ಪ ಎನ್ನುವವರು ಕುದುರೆ ಟ್ರೇಲರು ನೋಡಿ, ನಮ್ಮ ಹೋರಿಗಳಿಗೂ ಅಂಥದ್ದೇ ಬೇಕು ಎಂದು ಬಂದರು. ಹಳ್ಳಿಕಾರ್ ತಳಿಯ ಜೋಡಿ, ಮೈಲ ಮತ್ತು ಕರಿಯ. ಅದಕ್ಕೂ ಮೊದಲು ಅವರಲ್ಲಿ ಬಸವ ಎಂಬ ಹೋರಿ ಇತ್ತಂತೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹಳೆಯ ಟ್ರೇಲರಿನಲ್ಲಿ ಒಯ್ಯುವಾಗ, ರಸ್ತೆಗೆ ಹರಡಿದ್ದ ಹುರುಳಿಯ ಮೇಲೆ ಚಕ್ರ ಕಚ್ಚಿ ಜಾರಿ, ಬಸವ ಬಿದ್ದು ಕಾಲು ಮುರಿದುಕೊಂಡಿತು. ನಿಂತು ಬದುಕುವ ಪ್ರಾಣಿ ಅದು, ಮತ್ತೆ ಏಳಲಿಲ್ಲ. "ಇನ್ನೊಂದ್ಸಲ ಹಂಗಾದ್ರೆ ನಮ್ಮಮ್ಮ ಉಳಿಯಲ್ಲ ಅಕ್ಕ" ಎಂದು ಆಂಜಿನಪ್ಪ ನನ್ನೆದುರು ನೇರವಾಗಿ ಹೇಳಿದರು.

ಟ್ರೇಲರು ಒಯ್ಯುವ ದಿನ ಅವರ ತಾಯಿ ಮುನಿಯಮ್ಮನವರೂ ಬಂದರು. ತೆಳ್ಳಗಿನ ಮುದುಕಿ, ದನಿ ಮಾತ್ರ ಊರಿಗೆ ಸಾಲುವಷ್ಟು. ಹೊಸ ಗಾಡಿಗೆ ಅವರೇ ಪೂಜೆ ಮಾಡಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕೀ ತಿರುಗಿಸಿದಾಗ ಮೂಲೆಯ ದೀಪ ಹತ್ತಿದ್ದು ಕಂಡು, "ಆಹಾ, ದೀಪಾನೂ ಇಕ್ಕವ್ರೆ ಪುಣ್ಯಾತ್ಮರು" ಎಂದು ಅದರ ಸುತ್ತ, ಗಾಜಿನ ಮೇಲೂ, ದಪ್ಪಗೆ ಅರಿಶಿನ ಕುಂಕುಮ ಮೆತ್ತಿ ಕೈಮುಗಿದರು. ಗಾಡಿ ಹೊರಟಿತು. ನಿಂಬೆಹಣ್ಣು ಪಚಕ್ಕೆಂದವು. ಗೇಟಿಗೆ ಹೋಗುವಷ್ಟರಲ್ಲಿ ದೀಪ ಆರಿತು.

"ನಿಲ್ಸಲಾ ಆಂಜಿನಪ್ಪಾ! ದೀಪ ಶಾಂತವಾಗೋಯ್ತು!"

ನಾವೆಲ್ಲ ಓಡಿದೆವು. ಮುನಿಯಮ್ಮ ನನ್ನ ಕಡೆ ತಿರುಗಿದರು. "ಅವತ್ತೂ ಹಿಂಗೇ ಆಗಿದ್ದು ಕಣವ್ವಾ. ಬಸವ ಒಂಟ ಮೇಲೆ ಕೊಟ್ಗೆ ಗೂಡಲ್ಲಿ ದೀಪ ಅಚ್ಚಿಕ್ಕಿದ್ದೆ. ಅವನು ಊರು ದಾಟೋಕ್ ಮುಂಚೆ ಶಾಂತವಾಯ್ತು. ಮದ್ಯಾನಕ್ಕೆ ಸುದ್ದಿ ಬಂತು."

"ಅಮ್ಮಾ, ಇದು ಆರಬೇಕು. ಆರೋದೇ ಇದರ ಕೆಲಸ" ಎಂದರು ನಂಜುಂಡಯ್ಯ ಸಾರ್.

"ಆರೋದು ಒಂದು ಕೆಲ್ಸನಾ ಸ್ವಾಮಿ? ನಿಮ್ಮನೇಲಿ ಆರ್ಲಿ ಅಂತ ಅಚ್ತೀರಾ?"

ನಾನು ಸೆನ್ಸರ್, ಹಲ್ಲು, ಪೆಟ್ಟಿಗೆ ಎಂದೆಲ್ಲ ಹೇಳಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು, ಒಂದು ಮಾತೂ ಒಳಗೆ ಹೋಗಲಿಲ್ಲ. ಆಂಜಿನಪ್ಪ ಹೇಗೋ ಸಮಾಧಾನ ಮಾಡಿ ಕರೆದೊಯ್ದರು.

ಘಾಟಿ ಜಾತ್ರೆಯ ಚಳಿ ಬಂತು. ಒಂದು ಬೆಳಿಗ್ಗೆ, ಮಂಜಿನಲ್ಲಿ ಕಾರ್ಖಾನೆಯ ಗೇಟೂ ಸರಿಯಾಗಿ ಕಾಣದ ಹೊತ್ತು, ಮೊದಲು ಗಂಟೆಯ ಸದ್ದು ಬಂತು, ಆಮೇಲೆ ಮಂಜಿನ ಮೇಲೆ ತೇಲುವ ಎರಡು ಜೊತೆ ಕೊಂಬು, ಆಮೇಲೆ ಕೆಳಗೆ ಆಂಜಿನಪ್ಪನವರ ಜೀಪು. ನನಗೆ ಕನಸೋ ಎನ್ನಿಸಿತು. ಮೈಲ, ಕರಿಯ ಮೈ ತೊಳೆಸಿಕೊಂಡು, ಕೊಂಬಿಗೆ ಟೇಪು ಸುತ್ತಿಸಿಕೊಂಡು ಟ್ರೇಲರಿನಲ್ಲಿ ನಿಂತಿದ್ದವು. ಅವುಗಳ ಉಸಿರು ಹೊಗೆಯಾಗಿ ಏಳುತ್ತಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಮುನಿಯಮ್ಮ.

"ಘಾಟಿಗೆ ಹೊರಟ್ವಿ ಅಕ್ಕ. ದಾರೀಲೆ ಒಂದ್ಸಲ ಬ್ರೇಕ್ ನೋಡ್ಬಿಡಿ" ಎಂದರು ಆಂಜಿನಪ್ಪ.

ನಾನು ನೋಡುತ್ತಿದ್ದದ್ದು ಮೂಲೆಯನ್ನು. ಗಾಡಿ ಉರುಳಿ ಬಂದಾಗಲೂ ಕುಂಕುಮದ ಸಿಪ್ಪೆಯೊಳಗೆ ದೀಪ ಮಿಣಮಿಣ ಉರಿಯುತ್ತಲೇ ಇತ್ತು.

"ಯಾವಾಗಿಂದ ಹೀಗೆ ಉರೀತಿದೆ?"

ಅವರು ನಾಚಿಕೆಯಿಂದ ನಕ್ಕರು. "ಅಮ್ಮ ಹೋರಿ ಹತ್ಸೋಕೇ ಬಿಡ್ಲಿಲ್ಲ ಅಕ್ಕ. ನಮ್ಮೂರ್ ಕಡೆ ಒಬ್ಬ ಎಲೆಕ್ಟ್ರಿಷಿಯನ್ ಅವ್ನೆ, ಅವನು ಕೀ ಹಾಕಿದ್ರೆ ಸಾಕು ಉರಿಯೋ ಹಂಗೆ ವೈರ್ ನೇರವಾಗಿ ಎಳ್ಕೊಟ್ಟ. ಅವತ್ತಿಂದ ಒಂದ್ಸಲಾನೂ ಆರಿಲ್ಲ."

ನನಗೆ ಮೈ ಉರಿಯಿತು. ಬಯ್ಯಲು ಬಾಯಿ ತೆರೆದವಳು, ಹಿಂದಿನ ಸೀಟಿನ ಮುದುಕಿಯ ಮುಖ ನೋಡಿ ಸುಮ್ಮನೆ ಟ್ರೇಲರಿನ ಕೆಳಗೆ ನುಸುಳಿದೆ. ಮೇಲೆ ಹೋರಿಗಳ ಗೊರಸು ಕಟಕಟ ಎನ್ನುತ್ತಿದ್ದವು. ಕರಿಯ ಅದೇ ಹೊತ್ತಿಗೆ ಗಂಜಲ ಬಿಟ್ಟ, ನನ್ನ ತಲೆಯ ಮೇಲೇ. ಬಾಷಾ ಭಾಯ್ ಹೊರಗಿನಿಂದ, "ಆಶೀರ್ವಾದ ಆಯ್ತು ಪುಷ್ಪಮ್ಮಾ, ಎದ್ದು ಬಾ" ಎಂದು ನಕ್ಕರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಎಡ ಚಕ್ರದ ಸೆನ್ಸರಿನ ವೈರು ತುಂಡಾಗಿತ್ತು. ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದಾಗ ಹೆಗ್ಗಣ ಕಡಿದಿದೆ. ಎಷ್ಟು ದಿನದಿಂದಲೋ ಎಬಿಎಸ್ ನಿಂತುಹೋಗಿತ್ತು. ಪೆಟ್ಟಿಗೆ ಅದನ್ನು ಹೇಳುತ್ತಲೇ ಇತ್ತು, ಹೇಳಬೇಕಾದ ದೀಪವನ್ನು ಮಾತ್ರ ಅದರಿಂದ ಕಿತ್ತುಕೊಂಡಿದ್ದರು. ಬಸವ ಬಿದ್ದ ದಾರಿಗೇ, ಬಸವನನ್ನು ಬೀಳಿಸಿದಂಥ ಬ್ರೇಕಿನಲ್ಲೇ, ಈ ಎರಡೂ ಹೊರಟಿದ್ದವು.

ಹೊಸ ವೈರು ಹಾಕಿದೆ. ಗಾಳಿ ನೋಡಿದೆವು, ಎಣ್ಣೆ ನೋಡಿದೆವು. ಕೊನೆಗೆ ದೀಪದ ವೈರನ್ನು ಪೆಟ್ಟಿಗೆಗೆ ಸೇರಿಸಲು ಹೋದಾಗ ಮುನಿಯಮ್ಮ ಇಳಿದು ಬಂದು ಮೂಲೆಗೆ ಅಡ್ಡ ನಿಂತರು.

"ಅದೊಂದು ಮುಟ್ಬ್ಯಾಡ ಕಣವ್ವ."

"ಅಕ್ಕಾ, ಒಳಗಿನ ವೈರ್ ಸರಿಯಾಯ್ತಲ್ಲ" ಎಂದರು ಆಂಜಿನಪ್ಪ ಮೆಲ್ಲಗೆ, "ದೀಪ ಹಂಗೇ ಇರ್ಲಿ ಬಿಡಿ. ಜಾತ್ರೆ ಮುಗಿಸ್ಕಂಡು ಬರ್ತೀವಿ."

ಅವತ್ತಿನ ಮಟ್ಟಿಗೆ ಅದು ನಡೆಯುತ್ತಿತ್ತು. ಆದರೆ ಹೆಗ್ಗಣ ಸತ್ತಿರಲಿಲ್ಲ, ಕೊಟ್ಟಿಗೆಯೂ ಅಲ್ಲೇ ಇತ್ತು. ಮುಂದಿನ ಸಲ ವೈರು ಕಡಿದಾಗ ಈ ಮುದುಕಿಗೆ ಯಾರು ಹೇಳುತ್ತಾರೆ? ನಂಜುಂಡಯ್ಯ ಸಾರ್ ನನ್ನ ಮುಖ ನೋಡಿ, "ನಿನಗೆ ಬಿಟ್ಟಿದ್ದು ಪುಷ್ಪಾ" ಎಂದು ಪಕ್ಕಕ್ಕೆ ಸರಿದರು.

ನಾನು ಮಂಜನ್ನು ನೋಡುತ್ತಾ ನಿಂತೆ. ಯಾವ ಲೋಕದಲ್ಲಿದ್ದೀಯ ಎಂದು ಆಗ ಯಾರೂ ಕೇಳಲಿಲ್ಲ. ನನಗೆ ನಮ್ಮ ಮನೆಯ ಹೊಸ್ತಿಲು ನೆನಪಾಗುತ್ತಿತ್ತು. ಅಪ್ಪ ನೇಯ್ದ ಸೀರೆಗಳನ್ನು ಅಂಗಡಿಗೆ ಕೊಟ್ಟು ಬರಲು ಬೆಂಗಳೂರಿಗೆ ಹೋದ ದಿನ, ಅಮ್ಮ ಬಾಗಿಲ ಗೂಡಿನಲ್ಲಿ ಇಟ್ಟಿರುತ್ತಿದ್ದ ಬುಡ್ಡಿ ದೀಪ.

"ಅಮ್ಮಾ" ಎಂದೆ. "ಆಂಜಿನಪ್ಪ ಎಲ್ಲಿಗಾದ್ರೂ ಹೋಗಿ ಬರೋದು ತಡವಾದ್ರೆ, ಬಾಗಿಲ ದೀಪ ಏನ್ ಮಾಡ್ತೀರಿ?"

"ಉರೀತಿರ್ತದೆ. ಇನ್ನೇನ್ ಮಾಡಾನ?"

"ಬಂದ್ಮೇಲೆ?"

"ಬಂದ್ ಮೇಲೆ ಇನ್ಯಾಕೆ? ಎಲ್ಲಾ ಒಳಗಾದ್ರಲ್ಲ. ಶಾಂತ ಮಾಡಿ ಮನಿಕೊಂತೀನಿ."

"ಇದು ಆ ದೀಪ ಅಮ್ಮ. ದೇವರ ಮನೆ ದೀಪ ಅಲ್ಲ, ಬಾಗಿಲ ದೀಪ. ಚಕ್ರಗಳೆಲ್ಲ ಬಂದ್ವಿ ಬಂದ್ವಿ ಅಂತ ಇದಕ್ಕೆ ಹೇಳ್ತಾ ಇರ್ತವೆ. ಎಲ್ಲಾ ಬಂದ್ರೆ ಶಾಂತವಾಗುತ್ತೆ. ಒಂದು ಬರದೇ ಇದ್ರೆ ಉರ್ಕೊಂಡು ಕಾಯ್ತಾ ಕೂರತ್ತೆ. ಇಷ್ಟು ದಿನ ಒಂದು ಚಕ್ರ ಹೊರಗೇ ಇತ್ತು. ಇದನ್ನ ಬಿಡದೆ ಉರಿಸಿದ್ದಕ್ಕೆ ಯಾರು ಬಂದಿಲ್ಲ ಅಂತ ನಮಗೆ ಗೊತ್ತಾಗ್ಲಿಲ್ಲ."

ಅವರು ದೀಪವನ್ನು ನೋಡಿದರು, ನನ್ನ ಕೈಯಲ್ಲಿದ್ದ ಕಡಿದ ವೈರನ್ನು ನೋಡಿದರು. ಅದನ್ನು ಇಸಿದುಕೊಂಡು ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಮೂಲೆಯಿಂದ ಪಕ್ಕಕ್ಕೆ ಸರಿದರು.

"ಆಯ್ತು. ನೀನೂ ಬಾ ಜೊತೇಲಿ. ಏನಾರ ಆದ್ರೆ ನಿನ್ನೇ ಕೇಳ್ತೀನಿ."

ದೀಪದ ವೈರನ್ನು ಪೆಟ್ಟಿಗೆಗೆ ಸೇರಿಸಿ, ಗಂಜಲದ ಸೀರೆಯಲ್ಲೇ ಜೀಪು ಹತ್ತಿದೆ. ಮುನಿಯಮ್ಮ ಹಿಂದಿನ ಸೀಟಿನ ಬಲಕ್ಕೆ ಕೂತು, ಕಿಟಕಿಯಿಂದ ತಲೆ ಹೊರಹಾಕಿ, ದಾರಿಯುದ್ದಕ್ಕೂ ಹಿಂದಕ್ಕೇ ನೋಡುತ್ತಿದ್ದರು. ಗೇಟು ದಾಟಿದಾಗ ದೀಪ ಆರಿತು. ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಬಿಡಲಿಲ್ಲ.

ಮಾಕಳಿ ಬೆಟ್ಟ ಮಂಜಿನಲ್ಲಿ ಅರ್ಧವೇ ಇತ್ತು. ಬುಡವಿಲ್ಲದೆ ತೇಲುವ ಬೆಟ್ಟದ ಕೆಳಗೆ ನಮ್ಮ ಜೀಪು, ಹೋರಿಗಳ ಗಂಟೆ, ಮುದುಕಿಯ ಬಿಸಿ ಕೈ. ಇಳಿಜಾರು ಶುರುವಾದಾಗ ಆಂಜಿನಪ್ಪ, "ಇಲ್ಲೇ ಅಕ್ಕ, ಮುಂದಿನ ತಿರುವು, ಬಸವ" ಎಂದು ಅರ್ಧಕ್ಕೇ ನಿಲ್ಲಿಸಿದರು. ತಿರುವು ದಾಟಿದೆವು. ರಸ್ತೆಯ ಎಡಭಾಗದ ತುಂಬ ಹುರುಳಿ ಹರಡಿತ್ತು, ರಾತ್ರಿಯ ಇಬ್ಬನಿಯಲ್ಲಿ ನೆನೆದದ್ದು. ಅದನ್ನು ತಿರುವಿ ಹಾಕುತ್ತಿದ್ದ ಹೆಂಗಸೊಬ್ಬಳು ಬಾಗಿದ್ದವಳು ಎದ್ದು, ಹಿಂದೆ ನೋಡದೆ ರಸ್ತೆಯ ನಡುವಿಗೆ ಬಂದಳು.

ಆಂಜಿನಪ್ಪ ಪೂರ್ತಿ ಬ್ರೇಕು ತುಳಿದರು. ನಾನೂ ತುಳಿದೆ, ಇಲ್ಲದ ಪೆಡಲನ್ನು. ಎಡ ಚಕ್ರಗಳು ಹುರುಳಿಯ ಮೇಲೆ, ಬಲ ಚಕ್ರಗಳು ಬರೀ ಟಾರಿನ ಮೇಲೆ. ಟ್ರೇಲರು ಸೊಂಟ ತಿರುಗಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆಗ ಕೆಳಗಿನಿಂದ ಬಂತು, ಟಕಟಕಟಕಟಕ. ಹಿಡಿ, ಬಿಡು, ಹಿಡಿ. ಟ್ರೇಲರು ನಮ್ಮ ಬೆನ್ನ ಹಿಂದೆ ನೇರವಾಗಿ, ಗೊಣಗಿಕೊಂಡು ಬಂದು, ಆ ಹೆಂಗಸಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಹೋರಿಗಳ ಗೊರಸು ಒಮ್ಮೆ ಸರಿದಾಡಿ ಸುಮ್ಮನಾದವು.

"ಕಣ್ ಕಾಣಾಕಿಲ್ವಾ? ನನ್ನ ಉಳ್ಳೀನೆಲ್ಲ ಕೆದರಾಕ್ಬುಟ್ರಲ್ಲಾ!" ಎಂದು ಆಕೆ ಶಾಪ ಹಾಕತೊಡಗಿದಳು. ಅಷ್ಟು ಹಿತವಾದ ಬಯ್ಗುಳ ನಾನು ಇನ್ನೊಂದು ಕೇಳಿಲ್ಲ.

ಮುನಿಯಮ್ಮ ತಲೆ ಒಳಕ್ಕೆ ತಂದರು. "ಅದೇನವ್ವಾ ಅದು, ಕೆಳಗೆ ಮಗ್ಗ ಆಡ್ದಂಗಾಯ್ತು?"

"ಮಗ್ಗಾನೇ ಅಮ್ಮ" ಎಂದೆ.

ಅವರು ಮತ್ತೆ ಹಿಂದಕ್ಕೆ ನೋಡಿದರು. "ದೀಪ ಶಾಂತವಾಗೇ ಐತೆ. ಎಲ್ಲಾ ಒಳಗವ್ರೆ. ನಡಿಯಪ್ಪಾ" ಎಂದು ನನ್ನ ಮಣಿಕಟ್ಟು ಬಿಟ್ಟರು.

ಘಾಟಿಯ ಮೈದಾನದಲ್ಲಿ ಹೋರಿಗಳನ್ನು ಇಳಿಸಿದಾಗ ಬಿಸಿಲು ಬಂದಿತ್ತು. ಮುನಿಯಮ್ಮ ಮಣ್ಣಿನಲ್ಲಿ ಕೂತು ಮೈಲನ ನಾಲ್ಕು ಕಾಲು, ಕರಿಯನ ನಾಲ್ಕು ಕಾಲು, ಒಂದೊಂದನ್ನೂ ಮೊಣಕಾಲಿನಿಂದ ಗೊರಸಿನವರೆಗೆ ಸವರಿ ನೋಡಿದರು. ಆಮೇಲೆ ಎದ್ದು ಖಾಲಿ ಟ್ರೇಲರಿನ ಹಿಂದಿನ ಮೂಲೆಗೆ ಹೋದರು. ಸೆರಗಿನ ತುದಿಗೆ ಉಗುಳು ಹಚ್ಚಿ, ತಾವೇ ಪೂಜೆಯ ದಿನ ಮೆತ್ತಿದ್ದ ಕುಂಕುಮವನ್ನು ದೀಪದ ಗಾಜಿನಿಂದ ಉಜ್ಜಿ ಉಜ್ಜಿ ತೆಗೆಯತೊಡಗಿದರು.

"ಅಮ್ಮಾ, ಕುಂಕುಮ ಒರೆಸ್ತಾರೇನಮ್ಮಾ!" ಎಂದು ಆಂಜಿನಪ್ಪ ಗಾಬರಿಯಾದರು.

"ಸುಮ್ಕಿರ್ಲಾ" ಎಂದರು ಅವರು, ಕೈ ನಿಲ್ಲಿಸದೆ. "ಯಾರಾದ್ರೂ ಬರ್ದಿದ್ರೆ ನಂಗೆ ಕಾಣ್ಬೇಕಲ್ಲ."